ನೀರಿನ ಸೂಜಿ

ಯಮಕನಮರಡಿ
17 ಜೂನ್ 2024

ಶೈಲಾ,

ಚೆನ್ನಾಗಿರು. ನಿನ್ನ ಸಂಸ್ಥೆಯ ಜನ ಬಂದು ಹೋದರು. ಇಲ್ಲಿಯ ಎಲ್ಲ ಹಿಂಡುಗಳಿಗೂ ಸೂಜಿ ಆಯಿತು. ನೀನು ಫೋನು ಮಾಡಿದ್ದೆ ಎಂದು ಮನೆಯಲ್ಲಿ ಹೇಳಿದರು. ಫೋನಿನಲ್ಲಿ ನನಗೆ ಈಗ ಮಾತು ಕೇಳಿಸುವುದಿಲ್ಲ, ಡಬ್ಬಿಯಲ್ಲಿ ಜೋಳ ಅಲ್ಲಾಡಿಸಿದ ಸದ್ದು ಬರುತ್ತದೆ. ಆದ್ದರಿಂದ ಕಾಗದ. ಶಾಲೆಯನ್ನು ಅವಧಿಗೆ ಮೊದಲೇ ಬಿಟ್ಟದ್ದೂ ಇದೇ ಕಾರಣಕ್ಕೆ. ಮಕ್ಕಳು ಕೇಳಿದ ಪ್ರಶ್ನೆ ಕೇಳಿಸದ ವಿಜ್ಞಾನದ ಮಾಸ್ತರ ಇದ್ದರೇನು, ಹೋದರೇನು.

ನೀನು ಕಳಿಸಿದ ಒಪ್ಪಿಗೆ ಪತ್ರವನ್ನು ಮರಡಿಯ ಮೇಲೆ ಬೇವಿನ ಗಿಡದ ಕೆಳಗೆ ಕುಳಿತು ಓದಿ ಹೇಳಿದೆ. ಒಂದು ಸಾಲನ್ನೂ ಬಿಡಲಿಲ್ಲ. ಕುರಿಗಳ ನೀಲಿನಾಲಿಗೆ ರೋಗಕ್ಕೆ ಇದು ಹೊಸ ಲಸಿಕೆ, ಇನ್ನೂ ಪರೀಕ್ಷೆಯಲ್ಲಿದೆ. ಅರ್ಧ ಹಿಂಡುಗಳಿಗೆ ಲಸಿಕೆ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಸೂಜಿ ಹಾಕುವವನಿಗೂ ಗೊತ್ತಿರುವುದಿಲ್ಲ. ಪರೀಕ್ಷೆ ಮುಗಿಯುವ ತನಕ ಯಾರಿಗೂ ಹೇಳುವುದಿಲ್ಲ. ಇದನ್ನೆಲ್ಲ ಅವರ ಮಾತಿನಲ್ಲೇ ಹೇಳಿದೆ. ಕುರಿಗಾರರು ಸುಮ್ಮನೆ ಕೇಳಿದರು. ಲಗಮಪ್ಪ ಮಾತ್ರ ನಕ್ಕ.

"ಮಾಸ್ತರ, ಪುಣೇದಿಂದ ಗಾಡಿ ಮಾಡ್ಕೊಂಡು, ಈ ಬಿಸಲಾಗ ಗುಡ್ಡಾ ಹತ್ತಿ, ಕುರಿಗೆ ನೀರು ಹಾಕಾಕ ಯಾರರ ಬರ್ತಾರೇನ್ರಿ? ನಮ್ಮಲ್ಲಿ ನೀರಿಲ್ಲೇನು?"

"ಬಂದಾರಲ್ಲೋ. ಕಾಗದದಾಗ ಹಂಗ ಐತಿ."

"ಕಾಗದದಾಗ ಇರ್ತೈತ್ರಿ. ಸರಕಾರದ ಕಾಗದದಾಗ ನನ್ನ ವಯಸ್ಸು ತೊಂಬತ್ತೆರಡು ಐತಿ."

ಅವನಿಗೆ ಐವತ್ತು ದಾಟಿರಲಾರದು. ಎಲ್ಲರೂ ನಕ್ಕರು. ಅವನ ಹೆಂಡತಿ ಶೆಟ್ಟೆವ್ವನ ತಮ್ಮ ಮುತ್ತಪ್ಪ ನಗಲಿಲ್ಲ. ಅವನದು ಬೇರೆ ಹಿಂಡು. ತನ್ನ ಹಿಂಡಿನ ಸೀಸೆ ಮತ್ತು ಭಾವನ ಹಿಂಡಿನ ಸೀಸೆ ಎರಡನ್ನೂ ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದ. ಒಂದೇ ಬಣ್ಣ. "ನೀರಿದ್ರ ಹೆಂಗ ಗೊತ್ತಾಗಬೇಕ್ರಿ?" ಎಂದ.

ಶೆಟ್ಟೆವ್ವ ಅಂದಳು: "ಬಿಡ್ರಿ ಮಾಸ್ತರ ಅವನ್ನ. ತನ್ನ ಮದಿವ್ಯಾಗ ತಾಳಿ ಕಟ್ಟೂದು ಬಿಟ್ಟು, ಬಂಗಾರ ಖರೇ ಐತೇನಂತ ಕಚ್ಚಿ ನೋಡಿದ ಮನಶ್ಯಾ ಅಂವ."

ಆಮೇಲೆ ಅವನೂ ಹೆಬ್ಬೆಟ್ಟು ಒತ್ತಿದ.

ಒಪ್ಪಿಗೆ ಎಂದರೆ ಇದೇ ಇರಬಹುದು. ನಾನು ಓದಿದ್ದು ಸುಳ್ಳಲ್ಲ. ಅವರು ಕಿವಿಗೊಡಲಿಲ್ಲ ಎಂದೂ ಅಲ್ಲ. ಕೇಳಿದರು, ಅರ್ಥ ಮಾಡಿಕೊಂಡರು, ನಂಬಲಿಲ್ಲ. ಇಷ್ಟು ಓದಿದವರು ಇಷ್ಟು ದೂರ ಬಂದು ಇಂಥ ಕೆಲಸ ಮಾಡಲಾರರು ಎಂಬ ಮರ್ಯಾದೆಯಿಂದ ನಂಬಲಿಲ್ಲ.

ಇವರ ಮಾತು ಮಾತ್ರ ನನಗೆ ಇನ್ನೂ ಕೇಳಿಸುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಕೂಗಿ ಮಾತಾಡುವ ಜನ.

ಅಣ್ಣಪ್ಪ

*

ಪುಣೆ
3 ಜುಲೈ 2024

ಸರ್, ನಮಸ್ಕಾರ.

ನಿಮ್ಮ ಕಾಗದ ಸಂಸ್ಥೆಯ ವಿಳಾಸಕ್ಕೆ ಬಂತು. ಇಲ್ಲಿಗೆ ಕೈಬರಹದ ಕಾಗದ ಬರುವುದು ನಿಂತೇ ಹೋಗಿದೆ. ಗೇಟಿನವನು ಅದನ್ನು ಎರಡೂ ಬದಿ ತಿರುಗಿಸಿ ನೋಡಿ ಕೊಟ್ಟ. ಇನ್ನು ಮುಂದೆ ಮನೆಯ ವಿಳಾಸಕ್ಕೆ ಬರೆಯಿರಿ, ಕೆಳಗೆ ಕೊಟ್ಟಿದ್ದೇನೆ.

ಲಗಮಪ್ಪ ಹೇಳಿದ್ದನ್ನು ಊಟದ ಹೊತ್ತಿನಲ್ಲಿ ಜೊತೆಯವರಿಗೆ ಹೇಳಿದೆ. ತೊಂಬತ್ತೆರಡರ ಮಾತಿಗೆ ನಕ್ಕರು. ಅದರ ಹಿಂದಿನ ಮಾತನ್ನು ನಾನು ಹೇಳಲಿಲ್ಲ.

ಈ ಪರೀಕ್ಷೆಗೆ ನೀತಿ ಸಮಿತಿಯ ಅನುಮತಿ ಇದೆ, ನಿಮಗೆ ಗೊತ್ತಿರಲಿ. ಸಮಿತಿಯಲ್ಲಿ ಒಬ್ಬರು ವಕೀಲರೂ ಇದ್ದಾರೆ. ಒಪ್ಪಿಗೆ ಪತ್ರದ ಕನ್ನಡವನ್ನು ನಾನೇ ತಿದ್ದಿದೆ. 'ಉಪ್ಪುನೀರು' ಎಂಬ ಪದ ಬೇಡ, ಬೇರೆ ಏನಾದರೂ ಹಾಕಿ ಎಂದು ಮೇಲಿನವರು ಹೇಳಿದ್ದರು. ನಾನು ತೆಗೆಯಲಿಲ್ಲ. ಅಷ್ಟಾದರೂ ಮಾಡಿದೆ.

ಹಿಂಡುಗಳು ಎಂದಿನಂತೆ ಇರಲಿ. ಎಲ್ಲಿ ಮೇಯುತ್ತವೆ, ಯಾವಾಗ ಇಳಿಯುತ್ತವೆ ಎಂಬುದನ್ನು ಆಗಾಗ ತಿಳಿಸಿ. ನೀವಾಗಿ ಏನನ್ನೂ ಬದಲಿಸಬೇಡಿ.

ಇನ್ನೊಂದು ಮಾತು. ಯಾವ ಹಿಂಡಿಗೆ ಯಾವ ಸೀಸೆ ಎಂಬ ಪಟ್ಟಿ ಮಾಡಿದವಳು ನಾನೇ. ಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕಿ ಮರೆಯಬೇಕು, ನಿಯಮ ಹಾಗಿದೆ. ಬೀಗ ಹಾಕಿದ್ದೇನೆ. ನನಗೆ ಮರೆವು ಕಡಿಮೆ ಎಂದು ನೀವೇ ನಮ್ಮಪ್ಪನಿಗೆ ಹೇಳಿದ್ದಿರಿ. ದಯವಿಟ್ಟು ಕೇಳಬೇಡಿ.

ಶೈಲಾ

*

ಯಮಕನಮರಡಿ
23 ಆಗಸ್ಟ್ 2024

ಶೈಲಾ,

ಮಳೆ ಬಿಡುವು ಕೊಟ್ಟಿಲ್ಲ. ಹಿಡಕಲ್ ಜಲಾಶಯ ತುಂಬಿ ಹೊಳೆಗೆ ನೀರು ಬಿಟ್ಟಿದ್ದಾರೆ. ದಡ್ಡಿಯ ಕಡೆಯ ರಸ್ತೆ ಎರಡು ಸಲ ಮುಳುಗಿತು. ನಮ್ಮ ಮನೆಯ ಗೋಡೆಗಳಿಗೆ ಹಸಿರು ಬಂದಿದೆ.

ತಿಳಿಸು ಎಂದಿದ್ದೆ, ತಿಳಿಸುತ್ತಿದ್ದೇನೆ. ಇಲ್ಲಿಯ ಕುರಿಗಾರರು ಮಳೆಗಾಲದಲ್ಲಿ ಹೊಳೆದಂಡೆಗೆ ಇಳಿಯುವುದಿಲ್ಲ. ಮಹಾನವಮಿ ಆಗುವ ತನಕ ಕಲ್ಲು ಮರಡಿಯ ಮೇಲೆಯೇ. ಮೇವು ಕಡಿಮೆ, ಗಾಳಿ ವಿಪರೀತ, ಮಕ್ಕಳಿಗೆ ಕೆಮ್ಮು. ಯಾಕೆ ಎಂದರೆ ದೇವರ ಹೆಸರು ಹೇಳುತ್ತಾರೆ. ನೀನು ಕಳಿಸಿದ ಪುಸ್ತಕದಲ್ಲಿ ಈ ರೋಗ ಹರಡುವ ಸಣ್ಣ ನೊಣ ಕೆಸರಿನಲ್ಲಿ ಹುಟ್ಟುತ್ತದೆ, ಗಾಳಿ ಇದ್ದಲ್ಲಿ ನಿಲ್ಲುವುದಿಲ್ಲ ಎಂದಿದೆ. ಎರಡೂ ಒಂದೇ ಮಾತು.

ಈ ವರ್ಷ ಲಗಮಪ್ಪ ಶ್ರಾವಣ ಮುಗಿಯುತ್ತಲೇ ಇಳಿಯುತ್ತಾನಂತೆ. ಮೂಡಲಗಿಯ ಹತ್ತಿರ ಕಾಲುವೆಯ ಪಕ್ಕ ಮುರಿಗೆಪ್ಪ ಎಂಬವರ ಹೊಲಗಳಿವೆ. ಹೆಸರು ಬೆಳೆ ತೆಗೆದ ಮೇಲೆ ಗೊಬ್ಬರಕ್ಕೆ ಕುರಿ ನಿಲ್ಲಿಸಲು ಕರೆದಿದ್ದಾರೆ. ಲಗಮಪ್ಪ ಮಾತು ಕೊಟ್ಟು ಬಂದಿದ್ದಾನೆ.

"ನವಮಿ ಆಗಬೇಕಲ್ಲೋ?" ಎಂದು ಕೇಳಿದೆ.

"ಸೂಜಿ ಆಗೇತಲ್ರಿ, ಇನ್ನ ಯಾಕ ಹೆದರೂದು? ನಮ್ಮಪ್ಪನ ಕಾಲಕ್ಕ ಸೂಜಿ ಇದ್ದಿಲ್ಲ, ಅದಕ್ಕ ನವಮಿ ಇತ್ತು."

ನೀರಿನ ಮಾತನ್ನು ನೆನಪಿಸಿದೆ. ಅವನಿಗೆ ಬೇಸರವಾಯಿತು. ನಾನು ಅದನ್ನು ಮತ್ತೆ ಮತ್ತೆ ಹೇಳುವುದು ನಿನಗೆ ಅವಮಾನ ಎಂದು ಅವನ ಭಾವನೆ. "ಆ ಅಕ್ಕಾರು ನಿಮ್ಮ ಕೈಯಾಗ ಕಲ್ತವರು ಅಂತೀರಿ. ಮತ್ತ ಹಂಗ್ಯಾಕ ಅಂತೀರಿ?"

ಮುತ್ತಪ್ಪ ಬರುವುದಿಲ್ಲ ಎಂದಿದ್ದಾನೆ. ಅವನಿಗೆ ಸೂಜಿಯೂ ಅನುಮಾನ, ಹೊಳೆಯೂ ಅನುಮಾನ.

ಕೇಳಬೇಡಿ ಎಂದಿದ್ದೆ. ಕೇಳುತ್ತಿದ್ದೇನೆ. ಲಗಮಪ್ಪನ ಹಿಂಡಿಗೆ ಬಿದ್ದದ್ದು ಯಾವುದು? ಆ ಹಿಂಡು ಬಿಟ್ಟರೆ ಆ ಮನೆಯಲ್ಲಿ ಬೇರೆ ಏನೂ ಇಲ್ಲ.

ಅಣ್ಣಪ್ಪ

*

ಪುಣೆ
31 ಆಗಸ್ಟ್ 2024

ಸರ್,

ಉತ್ತರ ಬರೆಯಲು ಕುಳಿತು ದಿನವೂ ಬೇರೆ ಯಾವುದೋ ಕೆಲಸ ಮಾಡಿ ಎದ್ದೆ.

ಹೇಳಲಾರೆ. ಲಗಮಪ್ಪನೊಬ್ಬನಿಗೆ ಹೇಳಿದರೆ ನಾಳೆ ಮುತ್ತಪ್ಪ ಕೇಳುತ್ತಾನೆ, ನಾಡಿದ್ದು ದಡ್ಡಿಯವರು ಕೇಳುತ್ತಾರೆ. ನೀರು ಬಿದ್ದವರು ಮರಡಿಯ ಮೇಲೆ ಉಳಿಯುತ್ತಾರೆ, ಔಷಧಿ ಬಿದ್ದವರು ಇಳಿಯುತ್ತಾರೆ. ಆಗ ಯಾವ ಕುರಿ ಔಷಧಿಯಿಂದ ಬದುಕಿತು, ಯಾವ ಕುರಿ ಗಾಳಿಯಿಂದ ಬದುಕಿತು ಎಂದು ಯಾರು ಹೇಳಬೇಕು? ಹಾಗಾದರೆ ಯಾರೂ ಇಳಿಯಬೇಡಿ ಎಂದು ಎಲ್ಲರಿಗೂ ಹೇಳು ಎನ್ನುತ್ತೀರಿ. ಹೇಳಬಹುದು. ಎಲ್ಲರೂ ಮೇಲೆಯೇ ಉಳಿದರೆ ಯಾರಿಗೂ ರೋಗ ಬರುವುದಿಲ್ಲ. ಯಾರಿಗೂ ರೋಗ ಬರದಿದ್ದರೆ ನಮಗೆ ಏನೂ ತಿಳಿಯುವುದಿಲ್ಲ.

ಮೇಲಿನ ವಾಕ್ಯವನ್ನು ಬರೆದು ಬಹಳ ಹೊತ್ತು ನೋಡಿದೆ. ಅದರಲ್ಲಿ ತಪ್ಪು ಕಾಣಲಿಲ್ಲ. ಹೊಡೆದುಹಾಕಬೇಕು ಅನ್ನಿಸಿತು. ಹಾಗೇ ಬಿಟ್ಟಿದ್ದೇನೆ.

ಹಳೆಯ ಲಸಿಕೆ ಈಗಿನ ರೋಗಕ್ಕೆ ತಾಕುತ್ತಿಲ್ಲ. ಇದು ತಾಕಿದರೆ ಇಡೀ ಬಯಲುಸೀಮೆಯ ಹಿಂಡುಗಳಿಗೆ ಆಗುತ್ತದೆ, ಲಗಮಪ್ಪನ ಮೊಮ್ಮಕ್ಕಳ ಕಾಲಕ್ಕೂ ಆಗುತ್ತದೆ. ಈ ಮಾತು ಸಭೆಗಳಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಅದನ್ನು ನಾನು ಹೇಳುತ್ತಿದ್ದೇನೋ ಬೇರೆ ಯಾರಾದರೂ ಹೇಳುತ್ತಿದ್ದಾರೋ ತಿಳಿಯುವುದಿಲ್ಲ. ಆದರೂ ಅದು ನಿಜ.

ಗೋಕಾಕದಲ್ಲಿ ನಮ್ಮ ಎಂಟನೆಯ ತರಗತಿಗೆ ನೀವು ಹೆಸರುಕಾಳಿನ ಎರಡು ಕುಂಡ ತಂದಿದ್ದಿರಿ. ಒಂದು ಕಿಟಕಿಯಲ್ಲಿ, ಒಂದು ಕತ್ತಲೆಯ ಕಪಾಟಿನಲ್ಲಿ. ಹೋಲಿಸಲು ಇನ್ನೊಂದು ಇರಲೇಬೇಕು, ಇಲ್ಲದಿದ್ದರೆ ನಾವು ನೋಡಿದ್ದೆಲ್ಲ ಬರೀ ಅಭಿಪ್ರಾಯ ಎಂದಿರಿ. ನಾನು ಮಾಡುತ್ತಿರುವುದು ಅಷ್ಟೇ.

ಕಿವಿಯ ಯಂತ್ರ ಈಗ ಚಿಕ್ಕದು ಬಂದಿದೆ. ಗೋಕಾಕದಲ್ಲೇ ಸಿಗುತ್ತದೆ. ಹೋಗಿ ತೋರಿಸಿಕೊಳ್ಳಿ.

ಶೈಲಾ

*

ಯಮಕನಮರಡಿ
12 ಸೆಪ್ಟೆಂಬರ್ 2024

ಶೈಲಾ,

ಕಪಾಟಿನ ಕುಂಡ ನೆನಪಿದೆ. ನೀನು ಅರ್ಧ ಮರೆತಿದ್ದೀಯ. ನಿನ್ನ ಪಕ್ಕ ಕೂರುತ್ತಿದ್ದ ಸುಂದ್ರವ್ವ ಮಧ್ಯಾಹ್ನದ ಬಿಡುವಿನಲ್ಲಿ ಕಪಾಟು ತೆಗೆದು ಆ ಕುಂಡವನ್ನು ಬಿಸಿಲಿಗಿಟ್ಟು ಬರುತ್ತಿದ್ದಳು. ನೀನು ಬಂದು ನನಗೆ ಹೇಳಿದೆ. ನೀನು ಮಾಡಿದ್ದು ಸರಿ ಎಂದು ನಾನು ಇಡೀ ತರಗತಿಯ ಮುಂದೆ ಹೇಳಿದೆ.

ನಿನ್ನ ಕಾಗದವನ್ನು ಹಲವು ಸಲ ಓದಿದೆ. ಔಷಧಿ ಬಿದ್ದ ಹಿಂಡಿನ ಬಗ್ಗೆ ಯಾರೂ ಇಷ್ಟು ಉದ್ದ ಬರೆಯುವುದಿಲ್ಲ ಎನ್ನಿಸಿತು. ಅವನ ಮೊಮ್ಮಕ್ಕಳ ಮಾತು ಯಾಕೆ ಬಂತು? ಲಗಮಪ್ಪನದು ನೀರು ಎಂದು ನಿಶ್ಚಯ ಮಾಡಿಕೊಂಡು, ಅವನು ಇಳಿಯುವ ಹಿಂದಿನ ದಿನ ಮರಡಿಗೆ ಹೋದೆ.

"ಇಳೀಬ್ಯಾಡ."

"ಯಾಕ್ರಿ? ಏನರ ಗೊತ್ತಾತೇನು?"

"ಗೊತ್ತಾಗಿಲ್ಲ."

"ಚಲೋ ಆತು. ಗೊತ್ತಿದ್ದವರು ಹೇಳವಲ್ಲರು, ಹೇಳಾಕ ಬಂದವರಿಗೆ ಗೊತ್ತಿಲ್ಲ. ಎಂಥಾ ಸಾಲಿ ಕಲಸೀರಿ ಮಾಸ್ತರ ನೀವು?"

ಶೆಟ್ಟೆವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ನನ್ನ ಮುಖವನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ಗಂಡನಿಗೆ ಹೇಳಿದಳು: "ಮಾಸ್ತರು ಆ ಕಿವಿ ಹೊತಗೊಂಡು ಗುಡ್ಡಾ ಹತ್ತಿ ಸುಮ್ಮಸುಮ್ಮನ ಬಂದಾರೇನು? ನೀ ಇಳಿ. ನನ್ನ ಕುರಿ ಬಿಟ್ಟು ಇಳಿ."

ಆ ಹಿಂಡಿನ ಅರ್ಧ ಅವಳ ತವರಿನಿಂದ ಬಂದ ಕುರಿಗಳ ಸಂತಾನ. ಲಗಮಪ್ಪ ತಲೆಯ ಪಟಕಾ ಬಿಚ್ಚಿ ಮತ್ತೆ ಸುತ್ತಿಕೊಂಡ. ಇಳಿಯುವುದಿಲ್ಲ ಎಂದ.

ಆದರೆ ಇವರಲ್ಲಿ ಒಂದು ಕಟ್ಟಳೆ ಇದೆ. ಕುರಿ ನಿಲ್ಲಿಸುತ್ತೇನೆಂದು ಮಾತು ಕೊಟ್ಟ ಹೊಲ ಬರಿದಾಗಿ ಉಳಿಯಬಾರದು. ತಾನು ಹೋಗದಿದ್ದರೆ ಬೀಗರ ಹಿಂಡನ್ನಾದರೂ ಕಳಿಸಬೇಕು, ಇಲ್ಲದಿದ್ದರೆ ಆ ಸೀಮೆಯಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ಲಗಮಪ್ಪನ ಮಾತು ಉಳಿಸಲು ಮುತ್ತಪ್ಪ ಹೊರಟ. ನನಗೆ ಆಶ್ಚರ್ಯವಾಯಿತು. ನೀನು ಅನುಮಾನದವನಲ್ಲವೇನೋ ಎಂದೆ.

"ಲಗಮಪ್ಪ ಮಾಮಾಂದು ನೀರಾದ್ರ ನಂದು ಔಷಧ ಇರಬೇಕಲ್ರಿ? ಅರ್ಧಕ್ಕರ್ಧ ಅಂತ ನೀವ ಓದಿದ್ರಿ."

ಲೆಕ್ಕ ಹಾಗಲ್ಲ, ಅರ್ಧ ಎಂದರೆ ನಿಮ್ಮಿಬ್ಬರಲ್ಲಿ ಅರ್ಧ ಅಲ್ಲ ಎಂದೆ. ಅವನು ಕುರಿಗಳನ್ನು ಕೂಗುತ್ತಿದ್ದ. ನಾನು ಮತ್ತೊಮ್ಮೆ ಹೇಳಲಿಲ್ಲ. ನನಗೂ ಒಳಗೆ ಎಲ್ಲೋ ಆ ಲೆಕ್ಕವೇ ಇತ್ತು ಎಂದು ಕಾಣುತ್ತದೆ. ಈಗ ಅವನು ಮೂಡಲಗಿಯಲ್ಲಿದ್ದಾನೆ. ಹೋಗಿ ಐದಾರು ದಿನವಾಯಿತು. ಹಿಂಡು ಆರಾಮ ಇದೆ ಎಂದು ಸುದ್ದಿ ಬಂದಿದೆ.

ನೀನು ಏನನ್ನೂ ಹೇಳಬೇಕಾಗಿಲ್ಲ. ನಾನು ಮಾಡಿದ್ದು ಸರಿಯಾಗಿದ್ದರೆ ಸುಮ್ಮನಿರು. ತಪ್ಪಾಗಿದ್ದರೆ ಒಂದು ಖಾಲಿ ಹಾಳೆಯನ್ನು ಲಕೋಟೆಗೆ ಹಾಕಿ ಕಳಿಸು. ಖಾಲಿ ಹಾಳೆ ಯಾವ ನಿಯಮವನ್ನೂ ಮುರಿಯುವುದಿಲ್ಲ.

ಅಣ್ಣಪ್ಪ

*

ಯಮಕನಮರಡಿ
16 ಅಕ್ಟೋಬರ್ 2024

ಶೈಲಾ,

ನಿನ್ನಿಂದ ಏನೂ ಬರಲಿಲ್ಲ. ಅಂಚೆಯವನನ್ನು ನಿತ್ಯ ಕೇಳುತ್ತಿದ್ದೆ. ಬರದ ದಿನ ಕಳೆದಂತೆಲ್ಲ ಮನಸ್ಸು ಹಗುರಾಗುತ್ತಿತ್ತು. ರಾತ್ರಿ ನಿದ್ದೆ ಬರುತ್ತಿತ್ತು.

ನವಮಿಗೆ ಮೊದಲೇ ಮುತ್ತಪ್ಪನಿಂದ ಕರೆ ಬಂತು. ಲಗಮಪ್ಪನೂ ನಾನೂ ಗೋಕಾಕಕ್ಕೆ ಹೋಗಿ, ಅಲ್ಲಿಂದ ಮೂಡಲಗಿ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಮಾತಾಡಿದ್ದರೂ ಬಸ್ಸಿನ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ಅದು ಅವನಿಗೆ ಗೊತ್ತು.

ಕಾಲುವೆಯ ಬದಿಯ ಎರೆ ಹೊಲ. ಹಿಂಡು ಮೇಯುತ್ತಿರಲಿಲ್ಲ. ಮೋರೆ ಊದಿ ಒಂದೊಂದು ಕುರಿಯೂ ಬೇರೆ ಯಾವುದೋ ಪ್ರಾಣಿಯ ಹಾಗೆ ಕಾಣುತ್ತಿತ್ತು. ಗೊರಸು ನೋಯುವುದರಿಂದ ಮುಂಗಾಲು ಮಡಚಿ ಮೊಣಕಾಲಿನ ಮೇಲೆ ನಡೆಯುತ್ತಿದ್ದವು. ನಾಲಿಗೆಯ ಬಣ್ಣ ನಾನು ಪುಸ್ತಕದಲ್ಲಿ ಓದಿ ಊಹಿಸಿದ್ದಕ್ಕಿಂತ ಕಪ್ಪು. ಮುತ್ತಪ್ಪನ ಹೆಂಡತಿ ಮಾಯವ್ವ ಜೋಳದ ಗಂಜಿಯನ್ನು ಸೀಸೆಯಲ್ಲಿ ಕುಡಿಸುತ್ತಿದ್ದಳು, ಅದು ಮೂಗಿನಿಂದ ಹೊರಗೆ ಬರುತ್ತಿತ್ತು. ಸತ್ತವನ್ನು ಹೂಳಲು ಮುರಿಗೆಪ್ಪ ತನ್ನ ಬದುವಿನಲ್ಲೇ ಜಾಗ ಕೊಟ್ಟಿದ್ದ. ತಾನು ಇವರನ್ನು ಕರೆಯಬಾರದಿತ್ತು ಎಂದು ಎಲ್ಲರಿಗೂ ಹೇಳುತ್ತಿದ್ದ. ಲಗಮಪ್ಪ ಗುದ್ದಲಿ ತೆಗೆದುಕೊಂಡು ಹೂಳಲು ನಿಂತ.

ನಾವಿದ್ದಾಗಲೇ ನಿನ್ನ ಸಂಸ್ಥೆಯವನು ಬಂದ. ಮಂಜುಗಡ್ಡೆಯ ಡಬ್ಬಿ ತಂದಿದ್ದ. ಮುತ್ತಪ್ಪ ಓಡಿ ಹೋಗಿ ಅದನ್ನು ಇಳಿಸಿಕೊಂಡ.

"ಔಷಧ ತಂದೀರೇನ್ರಿ?"

"ಇಲ್ಲ. ರಕ್ತ ತಗೊಳ್ಳಾಕ ಬಂದೇನಿ."

ಮುತ್ತಪ್ಪ ಡಬ್ಬಿಯನ್ನು ನೆಲಕ್ಕಿಟ್ಟ. "ತಗೋರಿ. ಅದನ್ಯಾಕ ಬಿಡ್ತೀರಿ?" ಎಂದ. ಆಮೇಲೆ ತಾನೇ ಒಂದೊಂದನ್ನು ಹಿಡಿದುಕೊಟ್ಟ. ಆ ಮನುಷ್ಯ ತಲೆ ಎತ್ತದೆ ಒಂದೊಂದರ ರಕ್ತ ತೆಗೆದುಕೊಂಡ.

ಹೊರಡುವಾಗ ಮುತ್ತಪ್ಪ ನನ್ನ ಕಿವಿಯ ಹತ್ತಿರ ಬಂದು ಕೂಗಿದ: "ಮಾಸ್ತರ, ಅರ್ಧಕ್ಕರ್ಧ ಅಂದಿದ್ರಿ. ನಂದು ಯಾವ ಅರ್ಧ?"

ಅರ್ಧಕ್ಕಿಂತ ಹೆಚ್ಚು ಹಿಂಡು ಹೋಯಿತು. ಇನ್ನೂ ಹೋಗುತ್ತಿದೆ.

ನನ್ನ ಕಾಗದ ತಲುಪಿರಲಿಲ್ಲ ಎಂದು ಬರೆ. ನಾನು ನಂಬುತ್ತೇನೆ.

ಅಣ್ಣಪ್ಪ

*

ಪುಣೆ
2 ನವೆಂಬರ್ 2024

ಸರ್,

ಎರಡೂ ಕಾಗದ ತಲುಪಿವೆ.

ಪರೀಕ್ಷೆ ಜನವರಿಯ ಕೊನೆಗೆ ಮುಗಿಯುತ್ತದೆ. ಅಲ್ಲಿಯ ತನಕ ಬರೆಯುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಶೈಲಾ

*

ಪುಣೆ
10 ಮಾರ್ಚ್ 2025

ಸರ್,

ಪಟ್ಟಿ ತೆರೆದರು. ಲಸಿಕೆ ಕೆಲಸ ಮಾಡುತ್ತದೆ. ಸಂದೇಹವಿಲ್ಲ.

ಲಗಮಪ್ಪನ ಹಿಂಡಿಗೆ ಬಿದ್ದದ್ದು ಲಸಿಕೆ. ಮುತ್ತಪ್ಪನ ಹಿಂಡಿಗೆ ನೀರು. ಇದನ್ನು ಈಗ ಎಲ್ಲರಿಗೂ ಹೇಳಬಹುದು, ಹೇಳಬೇಕೆಂದು ನಿಯಮವೇ ಇದೆ. ಓದಿ ಹೇಳಬೇಕಾದ ಪತ್ರವನ್ನು ಇದರ ಜೊತೆಗೆ ಇಟ್ಟಿದ್ದೇನೆ. ನೀವು ಓದಲಾರೆ ಎಂದರೆ ಬೇರೆಯವರನ್ನು ಕಳಿಸುತ್ತೇನೆ.

ಸಂಸ್ಥೆಯಲ್ಲಿ ಸಿಹಿ ಹಂಚಿದರು. ವರದಿಯ ಕರಡು ನನ್ನ ಮೇಜಿನ ಮೇಲಿದೆ. ಅದರಲ್ಲಿ ಒಂದು ಸಾಲಿದೆ, ನಾನೇ ಬರೆದದ್ದು. ಲಸಿಕೆ ಪಡೆಯದ ಒಂದು ಹಿಂಡು ಸ್ಥಳೀಯ ಕಾರಣಗಳಿಂದ ಅವಧಿಗೆ ಮೊದಲೇ ನೀರಾವರಿ ಪ್ರದೇಶಕ್ಕೆ ಇಳಿದದ್ದರಿಂದ ಹೋಲಿಕೆ ಸ್ಪಷ್ಟವಾಯಿತು, ಎಂದು. ಕೊಟ್ಟ ಮಾತು ತೀರಿಸಲು ಲಗಮಪ್ಪನ ಹಿಂಡು ನವಮಿಯ ನಂತರ ಅದೇ ಕಾಲುವೆಗೆ ಇಳಿದು ಒಂದು ಕುರಿಗೂ ಏನೂ ಆಗಲಿಲ್ಲವಲ್ಲ, ಅದರೊಡನೆ ಹೋಲಿಸಿದಾಗ. ಮಿಕ್ಕವರೆಲ್ಲ ಮೂಡಲಗಿಯ ಸುದ್ದಿ ಕೇಳಿ ನವಮಿಯ ನಂತರವೂ ಮೇಲೆಯೇ ಇದ್ದರು, ಅವರಿಂದ ಏನೂ ತಿಳಿಯಲಿಲ್ಲ. ಮುತ್ತಪ್ಪ ಇಳಿಯದಿದ್ದರೆ ಈ ವರ್ಷ ನಮ್ಮ ಕೈಗೆ ಏನೂ ಸಿಗುತ್ತಿರಲಿಲ್ಲ. ಇದನ್ನು ನಿಮಗೆ ಬರೆಯದೆ ಇರಬಹುದಿತ್ತು.

'ಸ್ಥಳೀಯ ಕಾರಣಗಳು' ಎಂಬುದಕ್ಕೆ ಬೇರೆ ಪದ ಹುಡುಕಿದೆ. ಸಿಗಲಿಲ್ಲ.

ಕೃತಜ್ಞತೆಯಲ್ಲಿ ನಿಮ್ಮ ಹೆಸರು ಸೇರಿಸಿದ್ದೇನೆ. ಮೇ ತಿಂಗಳಲ್ಲಿ ಪರೀಕ್ಷೆಯಲ್ಲಿದ್ದ ಎಲ್ಲ ಹಿಂಡುಗಳಿಗೂ ನಿಜವಾದ ಲಸಿಕೆ ಹಾಕಲು ಬರುತ್ತಾರೆ. ಮುತ್ತಪ್ಪನ ಉಳಿದ ಕುರಿಗಳಿಗೆ ಮೊದಲು ಆಗಲಿ. ಮುಂದಿನ ಮಳೆಗಾಲಕ್ಕೆ ರೋಗ ಇನ್ನೂ ಜೋರಾಗಿ ಬರುವ ಲಕ್ಷಣವಿದೆ, ಮರಡಿಗೂ ಬರಬಹುದು.

ಶೈಲಾ

*

ಯಮಕನಮರಡಿ
20 ಏಪ್ರಿಲ್ 2025

ಶೈಲಾ,

ಪತ್ರವನ್ನು ನಾನೇ ಓದಿ ಹೇಳಿದೆ. ಬೇರೆಯವರು ಬಂದು ಓದಿದ್ದರೆ ಅವರಿಗೆ ಅದು ಬರೀ ಓದಾಗುತ್ತಿತ್ತು.

ಲಗಮಪ್ಪ ತನ್ನ ಹಿಂಡಿಗೆ ಔಷಧಿ ಬಿದ್ದಿತ್ತೆಂದು ಕೇಳಿ ತಲೆ ತಗ್ಗಿಸಿದ, ಕಳವು ಮಾಡಿ ಸಿಕ್ಕಿಬಿದ್ದವನ ಹಾಗೆ. ಶೆಟ್ಟೆವ್ವ ನನ್ನ ಕಡೆ ನೋಡಲಿಲ್ಲ. ಅಂದು ನನ್ನ ಮುಖ ನೋಡಿ ಗಂಡನನ್ನು ತಡೆದವಳು ಅವಳೇ. ತಡೆದಿರದಿದ್ದರೆ ಅವಳ ಗಂಡ ಇಳಿಯುತ್ತಿದ್ದ, ಏನೂ ಆಗುತ್ತಿರಲಿಲ್ಲ. ಅವಳ ತಮ್ಮ ಮರಡಿಯ ಮೇಲೆಯೇ ಇರುತ್ತಿದ್ದ, ಅವನಿಗೂ ಏನೂ ಆಗುತ್ತಿರಲಿಲ್ಲ. ಇದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಈಗ ಅಕ್ಕ ತಮ್ಮನ ನಡುವೆ ಮಾತಿಲ್ಲ. ಜಗಳವೂ ಇಲ್ಲ.

ಮುತ್ತಪ್ಪ ಉಳಿದ ಕೆಲವು ಕುರಿಗಳೊಡನೆ ಮರಡಿಯ ಆಚೆ ಮಗ್ಗುಲಿಗೆ ಹೋಗಿದ್ದಾನೆ. ಸೂಜಿಯ ಮಾತು ತೆಗೆದೆ. ಸೂಜಿ ಬೇಡ ಎಂದ.

"ಈ ಸಲ ಔಷಧನ ಐತೋ. ಎಲ್ಲಾರಿಗೂ ಔಷಧ."

"ಯಾರ ಹೇಳಿದ್ರು?"

"ಶೈಲಾ ಬರದಾಳ."

"ಆ ಅಕ್ಕಾರಿಗೆ ಗೊತ್ತಿತ್ತೇನ್ರಿ, ನಾ ಇಳದಾಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೈ ಅಡ್ಡ ಹಿಡಿದ.

"ನಿಮ್ಮನ್ನಲ್ರಿ ಮಾಸ್ತರ ಕೇಳಾಕತ್ತಿದ್ದು. ನೀವು ಕಿವುಡರು, ನಿಮಗೆಲ್ಲಿ ಗೊತ್ತಿರಬೇಕು? ಅವರನ್ನ ಕೇಳ್ರಿ. ಗೊತ್ತಿತ್ತೋ ಇಲ್ಲೋ, ಅದೊಂದು ಹೇಳ್ಲಿ. ಆಮ್ಯಾಲ ಸೂಜೀದು ನೋಡೂಣು."

ಯಾವ ಉತ್ತರಕ್ಕೆ ಅವನು ಸೂಜಿ ಹಾಕಿಸಿಯಾನು, ಯಾವುದಕ್ಕೆ ಬಿಟ್ಟಾನು, ನನಗೆ ಹೊಳೆಯುವುದಿಲ್ಲ. ಗೊತ್ತಿರಲಿಲ್ಲ ಎಂದು ಬರೆದರೆ ಬಹುಶಃ ಹಾಕಿಸುತ್ತಾನೆ. ಹಾಗೆ ಬರೆ ಎಂದು ನಾನು ಹೇಳುವುದಿಲ್ಲ. ಬೇಡ ಎಂದೂ ಹೇಳಲಾರೆ. ಉಳಿದಿರುವುದು ಅಷ್ಟೇ ಕುರಿ, ಮಳೆಗಾಲ ದೂರವಿಲ್ಲ.

ನನ್ನ ಹೆಸರನ್ನು ವರದಿಯಿಂದ ತೆಗೆ.

ಅಣ್ಣಪ್ಪ

*

ಪುಣೆ
4 ಮೇ 2025

ಮುತ್ತಪ್ಪಣ್ಣಾರಿಗೆ ಶೈಲಾ ಮಾಡೂ ನಮಸ್ಕಾರ.

ಈ ಕಾಗದ ಮಾಸ್ತರು ಓದಿ ಹೇಳ್ತಾರ. ನಡುವ ಅವರು ನಿಂತ್ರ, ಮುಂದ ಓದ್ರಿ ಅನ್ರಿ.

ಗೊತ್ತಿತ್ರಿ. ನೀವು ಮೂಡಲಗಿಗೆ ಇಳದೀರಿ ಅಂತ ಮಾಸ್ತರು ಬರದ ಕಾಗದ ನನ್ನ ಕೈಗೆ ಬಂದಾಗ ನಿಮ್ಮ ಹಿಂಡು ಇನ್ನೂ ಆರಾಮ ಇತ್ತು. ನಿಮ್ಮ ಸೀಸೇದಾಗ ನೀರು ಇತ್ತು ಅನ್ನೂದು ಪಟ್ಟಿ ತಗದು ನೋಡೂ ಗರಜ ನನಗ ಇರಲಿಲ್ಲ. ಒಂದು ಖಾಲಿ ಹಾಳಿ ಕಳಸು ಅಂದಿದ್ರು ಮಾಸ್ತರು. ಕಳಸಿದ್ರ ಅವರು ಮರುದಿನಾನ ಬಂದು ನಿಮ್ಮನ್ನ ಹೊಳ್ಳಿ ಗುಡ್ಡಾ ಹತ್ತಸ್ತಿದ್ರು. ನಾ ಕಳಸಲಿಲ್ಲ.

ಯಾಕ ಅಂತ ನೀವು ಕೇಳಿಲ್ಲ. ಕೇಳಿದ್ರ ಹೇಳಾಕ ನನ್ನ ಹತ್ರ ಭಾಳ ಮಾತು ಅದಾವ. ಎಲ್ಲಾ ಖರೇ ಮಾತ ಅದಾವ. ಅವನ್ನ ಇಲ್ಲಿ ಬರಿಯಂಗಿಲ್ಲ.

ಮಾಸ್ತರಿಗೆ ಗೊತ್ತಿರಲಿಲ್ಲ. ನಿಮ್ಮ ಅಕ್ಕಾಗೂ ಗೊತ್ತಿರಲಿಲ್ಲ, ಮಾಮಾಗೂ ಗೊತ್ತಿರಲಿಲ್ಲ. ಗೊತ್ತಿದ್ದಾಕಿ ನಾ ಒಬ್ಬಾಕಿ. ನೀವು ಮಾತು ಬಿಡೂದಾದ್ರ ನನ್ನ ಕೂಡ ಬಿಡ್ರಿ.

ಈ ಸಲದ ಸೀಸೇದಾಗ ಔಷಧ ಐತ್ರಿ. ನನ್ನ ನಂಬ್ರಿ ಅಂತ ಅನ್ನಂಗಿಲ್ಲ, ಅನ್ನಾಕ ಬಾಯಿಲ್ಲ. ಈ ಔಷಧ ಕೆಲಸಾ ಮಾಡತೈತಿ ಅಂತ ತಿಳದದ್ದು ನಿಮ್ಮ ಕುರಿ ಸತ್ತಿದ್ದಕ್ಕ. ಇನ್ನ ಮುಂದ ಹೆಸರು ಕೇಳದ ಊರಾನ ಮಂದಿ ಎಲ್ಲಾ ಇದನ್ನ ಹಾಕಿಸ್ಕೋತಾರ.

ನೀವೊಬ್ಬರು ಬಿಡಬ್ಯಾಡ್ರಿ.

ಶೈಲಾ